ತಾಡಪಾಲಿನ ಚೀಟಿಯಲ್ಲಿ ಬರೆದದ್ದು

ಕತೆ ಬರೆಯುವವರು ವಿಶೇಷಣಗಳನ್ನು ಅನುಮಾನದಿಂದ ನೋಡಬೇಕು ಎಂಬುದು ಹಳೆಯ ಪಾಠ. 'ಮನೋಹರವಾದ ಸಂಜೆ' ಎಂದು ಬರೆದರೆ ಓದುಗನಿಗೆ ಸಂಜೆಯೂ ಕಾಣುವುದಿಲ್ಲ, ಅವನ ಮನಸ್ಸೂ ಕರಗುವುದಿಲ್ಲ. ಉರ್ದು ತರಗತಿಯ ಮಜ್ಮೂನುಗಳಲ್ಲಿ ವಿಶೇಷಣ ಹೆಚ್ಚಿದಷ್ಟೂ ಅಂಕ ಹೆಚ್ಚುತ್ತಿತ್ತು. ಕನ್ನಡದಲ್ಲಿ ಬರೆಯತೊಡಗಿದ ಮೇಲೆ ಆ ಚಪಲವನ್ನು ಬಿಡಲು ನಮಗೆ ಬಹಳ ವರ್ಷ ಬೇಕಾಯಿತು. ಆದರೆ ಯಾವ ವಿಮರ್ಶಕನ ಭಯವೂ ಇಲ್ಲದೆ ವಿಶೇಷಣಗಳು ಇಂದಿಗೂ ಮೆರೆಯುತ್ತಿರುವ ಒಂದು ಬರವಣಿಗೆ ನಮ್ಮ ಕಣ್ಣೆದುರಿಗೇ ಇದೆ. ಅದು ಮಳೆ, ಬಿಸಿಲು, ಕತ್ತಲೆಗಳಲ್ಲಿ ಬಳಸುವ ಸಾಮಾನುಗಳ ಮೇಲಿನ ಲೇಬಲ್ಲು.

ಮುಂಗಾರಿಗೆ ಮುಂಚೆ ನ್ಯಾಮತಿಯ ಅಂಗಡಿ ಸಾಲಿನಲ್ಲಿ ನಡೆದು ನೋಡಿ. ತಾಡಪಾಲು, ರೇನ್‌ಕೋಟು, ಗಮ್‌ಬೂಟು, ತಲೆಗೆ ಕಟ್ಟುವ ಹೆಡ್‌ಲೈಟು. ಪ್ರತಿಯೊಂದರ ಮೇಲೂ ಒಂದು ಚೀಟಿ. 'ಹೆವಿ ಡ್ಯೂಟಿ', '100% ವಾಟರ್‌ಪ್ರೂಫ್', 'ಆಲ್ ವೆದರ್', 'ಮಿಲಿಟರಿ ಗ್ರೇಡ್', 'ಎಕ್ಸ್‌ಪೋರ್ಟ್ ಕ್ವಾಲಿಟಿ'. ಈ ಕೊನೆಯದು ನಮಗೆ ಬಹಳ ಪ್ರಿಯವಾದ ಪ್ರಯೋಗ. ಮಾಲು ಎಲ್ಲಿಗೂ ರಫ್ತಾಗಿಲ್ಲ, ಗುಣ ಮಾತ್ರ ರಫ್ತಾಗಿ ವಾಪಸ್ಸು ಬಂದಿದೆ!

ಇದು ನಗುವ ವಿಷಯವಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಇಂಥ ಸಾಮಾನುಗಳನ್ನು ಬೆಟ್ಟ ಹತ್ತುವ ಶೋಕಿಯವರ ಸರಕು ಎಂದು ಪೇಟೆಯವರು ತಿಳಿದಿದ್ದಾರೆ. ನಮ್ಮ ಕಡೆ ಹಾಗಲ್ಲ. ನ್ಯಾಮತಿ ಮಲೆನಾಡಿನ ಸೆರಗು, ಬಯಲುಸೀಮೆಯ ಅಂಚು. 1997ರವರೆಗೆ ಹೊನ್ನಾಳಿಯೊಂದಿಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರಿತು. ಮಳೆಗೆ ಈ ಜಿಲ್ಲೆಯ ಗಡಿ ಗೊತ್ತಿಲ್ಲವಾದ್ದರಿಂದ ಒಮ್ಮೆ ಶಿವಮೊಗ್ಗದಂತೆ ಸುರಿಯುತ್ತದೆ, ಒಮ್ಮೆ ಜಗಳೂರಿನಂತೆ ಕೈಕೊಡುತ್ತದೆ. ಇಲ್ಲಿ ಮೆಕ್ಕೆಜೋಳ ಕಣಕ್ಕೆ ಬರುವುದೂ ಅಡಿಕೆ ಕೊಯ್ದು, ಬೇಯಿಸಿ, ಒಣಹಾಕುವುದೂ ಹಿಂಗಾರು ಮಳೆ ಇನ್ನೂ ಬೆನ್ನ ಹಿಂದೆಯೇ ಇರುವ ಕಾಲದಲ್ಲಿ. ರಸ್ತೆಯ ಮಗ್ಗುಲಲ್ಲಿ ಹರಡಿದ ಜೋಳಕ್ಕೂ ಆಕಾಶಕ್ಕೂ ನಡುವೆ ಇರುವುದು ಒಂದೇ ಒಂದು ತಾಡಪಾಲು. ಬೆಂಬಲ ಬೆಲೆಗೆ ಮೆಕ್ಕೆಜೋಳ ಕೊಳ್ಳಬೇಕಾದರೆ ತೇವಾಂಶ ಶೇ. 14 ದಾಟುವಂತಿಲ್ಲ. 2025–26ರಲ್ಲಿ ಆ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇತ್ತು, ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. ಒಂದು ರಾತ್ರಿ ಹೊದಿಕೆ ಸೋರಿದರೆ ವ್ಯಾಪಾರಿಯ ಮೀಟರಿನ ಮುಳ್ಳು ಏರುತ್ತದೆ, ರೈತನ ದರ ಇಳಿಯುತ್ತದೆ. ಆದ್ದರಿಂದ ತಾಡಪಾಲಿನ ಚೀಟಿಯಲ್ಲಿ ಬರೆದದ್ದು ನಿಜವೋ ಸುಳ್ಳೋ ಎಂಬುದು ಇಲ್ಲಿ ಹೊಟ್ಟೆಪಾಡಿನ ಪ್ರಶ್ನೆ.

ಒಂದು ಚೀಟಿಯನ್ನೇ ಹಿಡಿದು ಓದೋಣ. 'ಹೆವಿ ಡ್ಯೂಟಿ ತಾಡಪಾಲು, 250 ಜಿಎಸ್‌ಎಂ, ಯು.ವಿ. ಟ್ರೀಟೆಡ್, 8×6 ಮೀಟರ್.' ನಾಲ್ಕು ಮಾತುಗಳಿವೆ. 'ಹೆವಿ ಡ್ಯೂಟಿ' ಎಂಬುದಕ್ಕೆ ಅರ್ಥವೇ ಇಲ್ಲ. ಯಾವ ಕೆಲಸ, ಎಷ್ಟು ಭಾರದ ಕೆಲಸ, ಹೇಳಿದವರು ಯಾರು? ಎರಡನೆಯದು ಹಾಗಲ್ಲ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರು ಹಾಳೆಯ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. 8×6 ಎಂದರೆ 48 ಚದರ ಮೀಟರು. ಅದನ್ನು 250ರಿಂದ ಗುಣಿಸಿದರೆ 12,000 ಗ್ರಾಂ. ಅಂದರೆ ಚೀಟಿ ನಿಜವಾಗಿದ್ದರೆ ಮಡಿಚಿದ ತಾಡಪಾಲು ತಕ್ಕಡಿಯಲ್ಲಿ 12 ಕಿಲೋ ಆಸುಪಾಸು ತೂಗಬೇಕು. ಒಂಬತ್ತೂವರೆ ಕಿಲೋ ತೂಗಿದರೆ ಅದು 200 ಜಿಎಸ್‌ಎಂನ ಮಾಲು. ಇಷ್ಟಕ್ಕೆ ಯಾವ ಪ್ರಯೋಗಾಲಯವೂ ಬೇಡ, ಹತ್ತು ಹೆಜ್ಜೆ ಆಚೆಯ ಕಿರಾಣಿ ಅಂಗಡಿಯ ತಕ್ಕಡಿ ಸಾಕು. ಅಳತೆಗೂ ಹೀಗೇ ಟೇಪು ಹಿಡಿಯಬಹುದು. ಕತ್ತರಿಸಿದಾಗಿನ ಅಳತೆ ಬೇರೆ, ಅಂಚು ಮಡಿಚಿ ಹೊಲಿದು ರಿಂಗು ಹೊಡೆದ ಮೇಲಿನ ಅಳತೆ ಬೇರೆ. ಚೀಟಿಯಲ್ಲಿ ಮೊದಲಿನದನ್ನು ಬರೆದು ಎರಡನೆಯದನ್ನು ಮಾರುವುದುಂಟು.

ಆದರೆ ತೂಕ ಸರಿಯಿದ್ದ ಮಾತ್ರಕ್ಕೆ ತಾಡಪಾಲು ಒಳ್ಳೆಯದೆನ್ನುವಂತಿಲ್ಲ. ಪ್ಲಾಸ್ಟಿಕ್ಕಿಗೆ ಸುಣ್ಣದ ಕಲ್ಲಿನ ಪುಡಿ ಬೆರೆಸಿದರೂ ತೂಕ ಬರುತ್ತದೆ, ಖರ್ಚು ಇಳಿಯುತ್ತದೆ. ಇಲ್ಲಿ ಮೂರನೆಯ ಮಾತು ಮುಖ್ಯವಾಗುತ್ತದೆ. ತಾಡಪಾಲನ್ನು ಕೊಲ್ಲುವುದು ಮಳೆಗಿಂತ ಹೆಚ್ಚಾಗಿ ಬಿಸಿಲು. ಸೂರ್ಯನ ಅತಿನೇರಳೆ ಕಿರಣ ಪಾಲಿಥೀನಿನ ಎಳೆಗಳನ್ನು ಒಳಗಿಂದಲೇ ಕಡಿಯುತ್ತ ಹೋಗುತ್ತದೆ. ಕಪ್ಪು ಹಾಳೆಗೆ ಬೆರೆಸುವ ಇಂಗಾಲದ ಮಸಿ ಆ ಕಿರಣವನ್ನು ತಡೆಯುತ್ತದೆ, ಬೇರೆ ಬಣ್ಣದವಕ್ಕೆ ರಾಸಾಯನಿಕ ಬೆರೆಸುತ್ತಾರೆ. ಎಷ್ಟು ಬೆರೆಸಿದ್ದಾರೆ, ಎಷ್ಟು ಗಂಟೆಯ ಬಿಸಿಲಿಗೆ ಬಟ್ಟೆಯ ಬಲ ಎಷ್ಟು ಕುಗ್ಗುತ್ತದೆ ಎಂಬುದನ್ನು ಅಳೆಯಲು ಸಾಧ್ಯವಿದೆ. ಆದರೆ ಚೀಟಿಯಲ್ಲಿ ಅದಿರುವುದಿಲ್ಲ. 'ಟ್ರೀಟೆಡ್' ಎಂದಿರುತ್ತದೆ. ಚಿಟಿಕೆಯಷ್ಟು ಬೆರೆಸಿದರೂ ಟ್ರೀಟೆಡ್ಡೇ.

ನಮ್ಮ ವಾದ ಇಲ್ಲಿಂದಲೇ ಹುಟ್ಟುತ್ತದೆ. ಸುಳ್ಳೆಂದು ಹಿಡಿಯಲು ಸಾಧ್ಯವಿರುವ ಮಾತಿಗೆ ಮಾತ್ರ ಉಪಯೋಗವಿದೆ. '250 ಜಿಎಸ್‌ಎಂ' ಸುಳ್ಳಾಗಬಲ್ಲದು, ಆದ್ದರಿಂದ ಅದು ಮಾತು. 'ಹೆವಿ ಡ್ಯೂಟಿ' ಎಂದೂ ಸುಳ್ಳಾಗಲಾರದು. ತಾಡಪಾಲು ಮೊದಲ ವಾರವೇ ಹರಿದರೂ 'ನಿಮ್ಮ ಕೆಲಸ ಇನ್ನೂ ಹೆವಿ ಇತ್ತು' ಎಂದರೆ ಮುಗಿಯಿತು. ಅದು ಬರೀ ಸದ್ದು. ಹೆಸರಾಂತ ಕಂಪನಿ, ಹೆಸರಿಲ್ಲದ ಕಂಪನಿ ಎಂಬ ಭೇದವನ್ನು ಇಲ್ಲಿ ತರಬೇಕಿಲ್ಲ. ಸದ್ದು ಮಾಡುವುದರಲ್ಲಿ ಇಬ್ಬರೂ ಸಮಾನರು, ದೊಡ್ಡವರ ಕಾಗದ ನುಣುಪು, ಅಷ್ಟೆ.

ಅಂಗಡಿಯಲ್ಲಿ ಇನ್ನೊಂದು ಬಗೆಯ ಲೇಬಲ್ ಉಂಟು, ಅದು ಬಾಯಿಮಾತಿನದು. 'ಎಷ್ಟು ದಿನ ಬರ್ತೈತೆ ಸಾಬ್ರೆ?' ಎಂದು ರೈತ ಕೇಳುತ್ತಾನೆ. 'ಎರಡು ಮಳೆಗಾಲಕ್ಕೆ ನಾನು ಜವಾಬ್ದಾರಿ ಗೌಡ್ರೆ, ಮೂರನೇದು ನಿಮ್ಮ ಪುಣ್ಯ' ಎಂದು ಅಂಗಡಿಯವರು ಹೇಳುತ್ತಾರೆ. ಇಂಗ್ಲಿಷ್ ಚೀಟಿಗಿಂತ ಈ ಮಾತು ಎಷ್ಟೋ ಮೇಲು. ಇದರಲ್ಲಿ ಅವಧಿಯಿದೆ, ಹೊಣೆಯಿದೆ, ಮಿತಿಯೂ ಇದೆ. ಗೌಡರು ಬರುವ ವರ್ಷವೂ ಅದೇ ಬೀದಿಯಲ್ಲಿ ನಡೆಯುತ್ತಾರೆ, ಸಾಬರು ಅದೇ ಗಲ್ಲದ ಮೇಲೆ ಕೂತಿರುತ್ತಾರೆ ಎಂಬುದೇ ಇದರ ಗ್ಯಾರಂಟಿ. ಆದರೆ ಇದನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಸಂತೆಯಲ್ಲಿ ನೆಲದ ಮೇಲೆ ಹರಡಿ ಮಾರಿ ಸಂಜೆಗೆ ಗಂಟು ಕಟ್ಟುವವರನ್ನು, ಮೊಬೈಲಿನಲ್ಲಿ ತರಿಸಿದ ಮಾಲನ್ನು ಕಳಿಸಿದವರನ್ನು ಬರುವ ವರ್ಷ ಎಲ್ಲಿ ಹುಡುಕುವುದು? ಬಾಯಿಮಾತು ಬೀದಿಯನ್ನು ದಾಟಲಾರದು. ಬೀದಿಯಾಚೆಗಿನ ವ್ಯಾಪಾರಕ್ಕೆ ಬರೆದ ಮಾತು ಬೇಕೇ ಬೇಕು. ಆದ್ದರಿಂದಲೇ 'ಎಲ್ಲ ಲೇಬಲ್ಲೂ ಮೋಸ' ಎನ್ನುವವರ ಜೊತೆ ನಮ್ಮ ಒಪ್ಪಿಗೆಯಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎಂದು ಕನ್ನಡದಲ್ಲೂ, ಕೈಯ ಬಳೆಗೆ ಕನ್ನಡಿ ಬೇಡ ಎಂದು ಉರ್ದುವಿನಲ್ಲೂ ಗಾದೆಗಳಿವೆ. ಕಣ್ಣಿಗೆ ಕಾಣುವುದಕ್ಕೆ ಆ ಮಾತು ಸರಿ. ಮೇ ತಿಂಗಳ ಬಿಸಿಲಲ್ಲಿ ರೇನ್‌ಕೋಟು ಕೊಳ್ಳುವವನ ಅಂಗೈಯಲ್ಲಿ ಮಳೆ ಎಲ್ಲಿದೆ?

ರೇನ್‌ಕೋಟಿಗೇ ಬರೋಣ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ರಜೆಗೆ ಬರುವಾಗ ಬೆಟ್ಟ ಹತ್ತುವವರ ಜಾಕೆಟ್ಟು ತೊಟ್ಟು ಬರುತ್ತಾರೆ. ಒಳಗಿನ ಚೀಟಿಯಲ್ಲಿ '10,000 ಮಿ.ಮೀ.' ಎಂದಿರುತ್ತದೆ. ಆಗುಂಬೆಯಲ್ಲೂ ವರ್ಷಕ್ಕೆ ಸರಾಸರಿ ಏಳೆಂಟು ಸಾವಿರ ಮಿ.ಮೀ. ಮಳೆ, ಹಾಗಾದರೆ ಈ ಜಾಕೆಟ್ಟಿಗೆ ಇಡೀ ವರ್ಷದ ಆಗುಂಬೆ ಲೆಕ್ಕಕ್ಕಿಲ್ಲ ಎಂದು ಯಾರಾದರೂ ತಿಳಿದರೆ ಅವರ ತಪ್ಪಲ್ಲ. ಆದರೆ ಈ ಮಿ.ಮೀ. ಮಳೆಯದಲ್ಲ. ಬಟ್ಟೆಯ ತುಂಡನ್ನು ಬಿಗಿದು ಅದರ ಮೇಲೆ ನೀರಿನ ಒತ್ತಡ ಏರಿಸುತ್ತ ಹೋಗುತ್ತಾರೆ. ಮೂರು ಕಡೆ ಹನಿ ಮೂಡಿದಾಗ ಆ ಒತ್ತಡ ಎಷ್ಟು ಎತ್ತರದ ನೀರಿನ ಕಂಬಕ್ಕೆ ಸಮವೋ ಅದೇ ಈ ಅಂಕಿ. ಐಎಸ್‌ಒ 811 ಎಂಬ ಪರೀಕ್ಷೆ ಹೀಗಿದೆ. 10,000 ಮಿ.ಮೀ. ಎಂದರೆ ಹತ್ತು ಮೀಟರು ನೀರಿನ ಭಾರ, ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಬೀಳುವ ಮಳೆಹನಿಗೆ ಇಷ್ಟು ಒತ್ತಡ ಇಲ್ಲ. ಭಾರದ ಚೀಲದ ಪಟ್ಟಿ ಹೆಗಲನ್ನು ಒತ್ತಿದಾಗ, ಒದ್ದೆ ನೆಲದಲ್ಲಿ ಮೊಣಕಾಲೂರಿದಾಗ ಒತ್ತಡ ಏರುತ್ತದೆ. ಅಂಕಿಗೆ ಅರ್ಥವಿರುವುದು ಅಲ್ಲಿ.

ಇದು ಸುಳ್ಳಾಗಬಲ್ಲ ಮಾತು, ಆದ್ದರಿಂದ ಒಳ್ಳೆಯ ಮಾತು. ಆದರೂ ಅರ್ಧ ಮಾತು. ಪರೀಕ್ಷೆ ನಡೆದದ್ದು ಬಟ್ಟೆಗೆ, ಕೋಟಿಗಲ್ಲ. ಕೋಟಿನಲ್ಲಿ ಹೊಲಿಗೆಯಿದೆ, ಹೊಲಿಗೆಯೆಂದರೆ ಸಾವಿರಾರು ಸೂಜಿತೂತು. ಒಳಗಿಂದ ಪಟ್ಟಿ ಅಂಟಿಸಿ ಆ ತೂತುಗಳನ್ನು ಮುಚ್ಚಿದ್ದಾರೆಯೇ ಎಂದು ಕೋಟನ್ನು ಮಗುಚಿ ನೋಡಬೇಕು. ಹೊಸ ಬಟ್ಟೆಗೆ ಬಂದ ಅಂಕಿ ಇಪ್ಪತ್ತು ಸಲ ಒಗೆದ ಮೇಲೂ ಬರಬೇಕೆಂದಿಲ್ಲ. ಇನ್ನು 'ಬ್ರೀದಬಲ್', ಅಂದರೆ ಉಸಿರಾಡುವ ಬಟ್ಟೆ. ಇದಕ್ಕೂ ಒಂದು ಅಂಕಿ ಕೊಡುತ್ತಾರೆ, ದಿನಕ್ಕೆ ಒಂದು ಚದರ ಮೀಟರಿನಿಂದ ಎಷ್ಟು ಗ್ರಾಂ ಆವಿ ಹೊರಹೋಗುತ್ತದೆ ಎಂದು. ಇದನ್ನು ಅಳೆಯುವ ವಿಧಾನಗಳು ಹಲವು. ಒಂದರಲ್ಲಿ ಬಂದ ಅಂಕಿಯನ್ನು ಇನ್ನೊಂದರ ಅಂಕಿಯೊಡನೆ ಹೋಲಿಸುವಂತಿಲ್ಲ, ಆದರೆ ಯಾವ ವಿಧಾನವೆಂದು ಚೀಟಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಜೊತೆಗೆ ಆವಿ ಹೊರಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಚಳಿದೇಶದ ಬೆಟ್ಟಕ್ಕೆ ಇದು ಸರಿ. ನಮ್ಮ ಜುಲೈ ತಿಂಗಳ ಬೆಚ್ಚನೆಯ, ನೀರು ತುಂಬಿದ ಗಾಳಿಯಲ್ಲಿ ಗದ್ದೆಯ ಕೆಲಸ ಮಾಡುವವನ ಬೆವರು ಎಲ್ಲಿಗೆ ಹೋದೀತು? ಮಳೆಯಿಂದ ನೆನೆಯದವನು ಬೆವರಿನಿಂದ ನೆನೆಯುತ್ತಾನೆ.

ಇಲ್ಲಿ ಕಂಬಳಿಯ ನೆನಪಾಗದೆ ಇರದು. ಕಂಬಳಿ ಕೊಪ್ಪೆ ಹಾಕಿಕೊಂಡು ನಾಟಿ ಮಾಡಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಉಣ್ಣೆಯ ಎಳೆ ತನ್ನ ತೂಕದ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ತೇವವನ್ನು ಒಳಗೆ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಹುಣಸೆ ಬೀಜದ ಅಂಟು ಹಾಕಿ ಬಿಗಿಯಾಗಿ ನೇಯ್ದ ಕಂಬಳಿಯ ಮೇಲೆ ಹನಿ ಜಾರುತ್ತದೆ. ಅದಕ್ಕೆ ಯಾವ ಚೀಟಿಯೂ ಇರಲಿಲ್ಲ. ಕೊಳ್ಳುವವನು ನೇಯ್ಗೆಯನ್ನು ಬೆಳಕಿಗೆ ಹಿಡಿದು, ಕೈಯಲ್ಲಿ ತೂಗಿ, ಚೌಕಾಸಿ ಮಾಡಿ ಒಯ್ಯುತ್ತಿದ್ದ. ಆದರೆ ಕಂಬಳಿಯ ಗುಣಗಾನ ಮಾಡುವ ಪೇಟೆಯ ಲೇಖಕರು ಅದನ್ನು ಒದ್ದೆಯಾದ ಮೇಲೆ ಹೊತ್ತು ನೋಡಿದ್ದಾರೆಯೇ ಎಂಬ ಅನುಮಾನ ನಮಗಿದೆ. ನೆಂದ ಕಂಬಳಿ ಹೆಣಭಾರ, ಒಣಗಲು ದಿನಗಟ್ಟಲೆ. ರೈತರು ಪ್ಲಾಸ್ಟಿಕ್ಕಿಗೆ ಹೋದದ್ದು ಮೂರ್ಖತನದಿಂದಲ್ಲ.

ಟಾರ್ಚಿನ ಚೀಟಿ ಇನ್ನೊಂದು ಲೋಕ. ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ಕರೆಂಟು ಬಂದರೆ ಹಾವಿನ ಹಾದಿಯಲ್ಲೇ ತೋಟಕ್ಕೆ ಹೋಗಬೇಕು. '2 ಕಿ.ಮೀ. ರೇಂಜ್' ಎಂಬ ಹೆಡ್‌ಲೈಟುಗಳು ಸಂತೆಯಲ್ಲಿ ಸಿಗುತ್ತವೆ. ಎರಡು ಕಿಲೋಮೀಟರಿನಾಚೆಯ ಹಾವಿನ ಚಿಂತೆ ಯಾರಿಗೆ? ಅಮೆರಿಕದ ಟಾರ್ಚು ತಯಾರಕರು 2009ರಲ್ಲಿ ಎಫ್‌ಎಲ್ 1 ಎಂಬ ಅಳತೆಯನ್ನು ಒಪ್ಪಿಕೊಂಡರು. ಅದರ ಪ್ರಕಾರ ಬೆಳಕಿನ ದೂರ ಎಂದರೆ ಬೆಳಕು 0.25 ಲಕ್ಸಿಗೆ ಇಳಿಯುವ ಜಾಗ. ಅದು ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಿಗೆ ಸಮ. ಅಂದರೆ ಪ್ರಾಮಾಣಿಕವಾದ '200 ಮೀಟರ್' ಎಂಬ ಚೀಟಿಯೂ ಹೇಳುವುದಿಷ್ಟೇ: ಇನ್ನೂರು ಮೀಟರಿನಾಚೆ ನಿಮಗೆ ಬೆಳದಿಂಗಳಷ್ಟು ಕಂಡೀತು. 'ಇಷ್ಟು ಗಂಟೆ ಉರಿಯುತ್ತದೆ' ಎಂಬುದರ ಅರ್ಥ, ಬೆಳಕು ಮೊದಲಿನ ಹತ್ತನೆಯ ಒಂದು ಪಾಲಿಗೆ ಇಳಿಯುವವರೆಗೆ ಎಂದು. ಈ ಅಳತೆ ತಿಳಿದವನಿಗೆ ಚೀಟಿಯಿಂದ ಲಾಭವಿದೆ, ತಿಳಿಯದವನಿಗೆ ಅದೇ ಚೀಟಿ ಮೋಸ ಮಾಡುತ್ತದೆ. ನೀರಿನ ವಿಷಯದಲ್ಲಿ 'ಐಪಿ' ಎಂಬ ಅಂಕಿ ಇದಕ್ಕಿಂತ ಸ್ಪಷ್ಟ. ಐಪಿಎಕ್ಸ್ 4 ಎಂದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಾಳುತ್ತದೆ. ಐಪಿ 67 ಎಂದರೆ ಧೂಳು ಹೊಗದು, ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು. ತೋಟಕ್ಕೆ ಮೊದಲಿನದು ಸಾಕು. ಕಾಲುವೆಗೆ ಬೀಳಿಸಿಕೊಳ್ಳುವವರಿಗೆ ಎರಡನೆಯದು.

'ಮಿಲಿಟರಿ ಗ್ರೇಡ್' ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಮೆರಿಕದ ಸೇನೆಯದೊಂದು ಪರೀಕ್ಷಾ ವಿಧಾನಗಳ ಪುಸ್ತಕವಿದೆ, ಮಿಲ್-ಎಸ್‌ಟಿಡಿ-810 ಎಂದು. ಅದರಲ್ಲಿ ಮಳೆ, ಧೂಳು, ಬೀಳುವಿಕೆ, ಹೀಗೆ ಹತ್ತಾರು ಪರೀಕ್ಷೆಗಳಿವೆ. ಯಾವುದನ್ನು ಎಷ್ಟು ಮಾಡಬೇಕೆಂದು ತಯಾರಕನೇ ಆರಿಸಿಕೊಳ್ಳಬಹುದು. ಒಂದೆರಡು ಮಾಡಿ ಹೆಸರು ಹಾಕಿಕೊಂಡರೆ ಸೇನೆಯವರು ಬಂದು ಕೇಳುವುದಿಲ್ಲ. ಮಲಗುವ ಚೀಲಗಳ ಮೇಲೆ ಬರೆಯುವ ಚಳಿಯ ಅಂಕಿಯ ಕತೆ ಇದಕ್ಕಿಂತ ವಾಸಿ. ಐಎಸ್‌ಒ 23537 ಎಂಬ ಅಳತೆಯಲ್ಲಿ ಹಾಯಾಗಿ ಮಲಗುವ ಉಷ್ಣತೆ ಬೇರೆ, ಮುದುಡಿಕೊಂಡು ರಾತ್ರಿ ಕಳೆಯುವ ಉಷ್ಣತೆ ಬೇರೆ. ಮೊದಲಿನದು ಸಾಮಾನ್ಯ ಹೆಂಗಸಿನ ಲೆಕ್ಕ, ಎರಡನೆಯದು ಸಾಮಾನ್ಯ ಗಂಡಸಿನ ಲೆಕ್ಕ. ಅಂಗಡಿಯವರು ದೊಡ್ಡ ಅಕ್ಷರದಲ್ಲಿ ಯಾವುದನ್ನು ಹಾಕುತ್ತಾರೆಂದು ನೋಡಿಕೊಳ್ಳಬೇಕು. ಫೆಬ್ರವರಿಯಲ್ಲಿ ನಮ್ಮ ತಾಲೂಕಿನ ಸೂರಗೊಂಡನಕೊಪ್ಪಕ್ಕೆ ಸೇವಾಲಾಲರ ಜಯಂತಿಗೆಂದು ದೂರದೂರದಿಂದ ನಡೆದು ಬರುವ ಬಂಜಾರರಿಗೆ, ಬಿಸ್ತರು ಹೊತ್ತು ಮಸೀದಿಯಿಂದ ಮಸೀದಿಗೆ ಹೋಗುವ ಜಮಾತಿನವರಿಗೆ ಈ ಚೀಲ ಬೇಕಾಗಿಲ್ಲ. ಬಯಲಿನಲ್ಲಿ, ನೆಲದ ಮೇಲೆ ರಾತ್ರಿ ಕಳೆಯುವುದರಲ್ಲಿ ಯಾವ ಪರ್ವತಾರೋಹಿಗಿಂತಲೂ ಅವರಿಗೆ ಅನುಭವ ಹೆಚ್ಚು.

ಹೆಸರಿನ ಮಾತಿಗೂ ಬೆಲೆಯಿದೆ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಮೊಕದ್ದಮೆ ಉಂಟು. ಸ್ವದೇಶಿ ಚಳವಳಿಯ ಸುರೇಂದ್ರ ಮೋಹನ್ ಬೋಸ್ 1920ರಲ್ಲಿ ಕಟ್ಟಿದ ಬೆಂಗಾಲ್ ವಾಟರ್‌ಪ್ರೂಫ್ ಕಂಪನಿಯ 'ಡಕ್‌ಬ್ಯಾಕ್' ರೇನ್‌ಕೋಟನ್ನು ಒಂದು ಕಾಲಕ್ಕೆ ಮಲೆನಾಡಿನ ಶಾಲೆ ಮಕ್ಕಳೆಲ್ಲ ಬಲ್ಲವರಾಗಿದ್ದರು. ಬಾತುಕೋಳಿಯ ಬೆನ್ನು! ವಿಶೇಷಣದ ಗೊಡವೆಗೆ ಹೋಗದ, ಒಂದೇ ಉಪಮೆಯಲ್ಲಿ ಮುಗಿದ ಹೆಸರು. ಬಾಂಬೆ ವಾಟರ್‌ಪ್ರೂಫ್ ಎಂಬ ಇನ್ನೊಂದು ಕಂಪನಿ 'ಡ್ಯಾಕ್ ಬ್ಯಾಕ್' ಎಂಬ ಹೆಸರಿನಲ್ಲಿ ರೇನ್‌ಕೋಟು ಮಾರತೊಡಗಿತು. ವ್ಯತ್ಯಾಸ ಇಂಗ್ಲಿಷಿನಲ್ಲಿ ಒಂದೇ ಅಕ್ಷರ. ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1996ರ ನವೆಂಬರಿನಲ್ಲಿ ಬೆಂಗಾಲ್ ವಾಟರ್‌ಪ್ರೂಫ್ ಪರ ತೀರ್ಪಾಯಿತು. ನ್ಯಾಯಾಲಯ ಒಂದು ಅಕ್ಷರಕ್ಕೆ ಇಷ್ಟು ಗಮನ ಕೊಟ್ಟಿತು. ಅದೇ ಕೋಟುಗಳ ಮೇಲಿನ 'ವಾಟರ್‌ಪ್ರೂಫ್' ಎಂಬ ಇಡೀ ಪದಕ್ಕೆ ಅರ್ಥವೇನೆಂದು ಕೊಳ್ಳುವವರು ಕೋರ್ಟಿನಲ್ಲಿ ಕೇಳಿದ್ದು ನಮ್ಮ ಕಿವಿಗೆ ಬಿದ್ದಿಲ್ಲ. ಹೆಸರು ವ್ಯಾಪಾರಿಯ ಆಸ್ತಿ, ಅದಕ್ಕೆ ಕಾವಲಿದೆ. ಅರ್ಥ ಗಿರಾಕಿಯ ಪಾಲಿನದು, ಅದು ಬಯಲಲ್ಲಿ ಬಿದ್ದಿದೆ.

ಲೇಬಲ್ಲನ್ನು ಲಘುವಾಗಿ ಕಾಣಲು ನಮಗೆ ಮನಸ್ಸು ಬಾರದಿರುವುದಕ್ಕೆ ಇನ್ನೊಂದು ಕಾರಣ ಬೆಂಕಿ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯೊಂದರ ಸಮಾರಂಭದ ಶಾಮಿಯಾನಕ್ಕೆ ಬೆಂಕಿ ಹತ್ತಿ 400ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೇ ಹೆಚ್ಚು. ಎರಡು ವರ್ಷ ತುಂಬುವ ಮೊದಲೇ, 1997ರ ಏಪ್ರಿಲ್ 15ರಂದು, ಹಜ್ಜಿನ ಕಾಲದಲ್ಲಿ ಮಿನಾದ ಡೇರೆಗಳು ಹೊತ್ತಿಕೊಂಡು 343 ಯಾತ್ರಿಕರು ತೀರಿಕೊಂಡರು. ಸತ್ತವರಲ್ಲಿ ನಮ್ಮ ದೇಶದವರೂ ಇದ್ದರು. ಆಮೇಲೆ ಮಿನಾದಲ್ಲಿ ಬಟ್ಟೆಯ ಡೇರೆಗಳ ಬದಲು ಟೆಫ್ಲಾನ್ ಲೇಪಿಸಿದ ಗಾಜಿನ ನಾರಿನ ಡೇರೆಗಳು ಬಂದವು. ಹಜ್ ಮುಗಿಸಿ ಬಂದವರು ಆ ಬಿಳಿಯ ಡೇರೆಗಳ ಸಾಲನ್ನು ವರ್ಣಿಸುವುದನ್ನು ಕೇಳಿದ್ದೇವೆ. ಅಲ್ಲಿ 'ಬೆಂಕಿ ತಡೆಯುವ' ಎಂಬುದು ಬರೀ ವಿಶೇಷಣವಲ್ಲ, ಅದರ ಹಿಂದೆ ನೂರಾರು ಗೋರಿಗಳಿವೆ. ನಮ್ಮೂರ ಮದುವೆಯ ಶಾಮಿಯಾನದ ಬಟ್ಟೆ ಯಾವುದು, ಅದರ ಕೆಳಗೆ ದಮ್ ಬಿರಿಯಾನಿಯ ಒಲೆ ಎಷ್ಟು ದೂರದಲ್ಲಿರಬೇಕು ಎಂದು ನಾವು ಯಾರೂ ಕೇಳುವುದಿಲ್ಲ. ಬಾಡಿಗೆ ಎಷ್ಟು, ಕುರ್ಚಿ ಎಷ್ಟು ಎಂದು ಮಾತ್ರ ಕೇಳುತ್ತೇವೆ.

ಇಷ್ಟಾದ ಮೇಲೆ ಕೊಳ್ಳುವವರಿಗೆ ಕೈಗೆಟುಕುವುದೇನು? ಪಾಲಿಥೀನ್ ನೇಯ್ಗೆಯ ತಾಡಪಾಲಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 7903 ಎಂಬ ಮಾನದಂಡವಿದೆ. ಐಎಸ್‌ಐ ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ನಕಲಿ ಹೆಲ್ಮೆಟ್ಟುಗಳನ್ನು ನೋಡಿದವರಿಗೆ ಇದು ಗೊತ್ತು. ಆದರೆ ಅಸಲಿ ಗುರುತಿನ ಜೊತೆಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಬ್ಯೂರೋದ 'ಬಿಐಎಸ್ ಕೇರ್' ಎಂಬ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಲೈಸೆನ್ಸು, ಯಾವ ಮಾಲಿಗೆ, ಜೀವಂತವಾಗಿದೆಯೇ ಎಂದು ತಿಳಿಯುತ್ತದೆ. ಕೃಷಿ ಇಲಾಖೆಯವರು ರೈತ ಸಂಪರ್ಕ ಕೇಂದ್ರಗಳಲ್ಲಿ ಸಹಾಯಧನದ ತಾಡಪಾಲು ಕೊಡುವಾಗ ಸಾಲು ನಿಂತವರ ಕಣ್ಣೆದುರಿಗೆ ಒಂದನ್ನು ಬಿಚ್ಚಿ ತೂಗಿ ತೋರಿಸಿದರೆ ಐದು ನಿಮಿಷದ ಕೆಲಸ. ಈ ಬೇಡಿಕೆಯನ್ನು ರೈತ ಸಂಘದವರು ಎತ್ತಿಕೊಳ್ಳಬಹುದು.

ಭಾಷೆಯ ಪ್ರಶ್ನೆಯೊಂದು ಉಳಿಯಿತು. ಪೊಟ್ಟಣದ ಸರಕುಗಳ 2011ರ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು, ಬೇರೆ ಭಾಷೆಯನ್ನು ಜೊತೆಗೆ ಬಳಸಬಹುದು. ರಾಜ್ಯದಲ್ಲಿ ತಯಾರಾಗುವ ಸರಕುಗಳ ಮೇಲೆ ಕನ್ನಡವೂ ಇರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆ ಬಂದ ಮೇಲೆ ಸರ್ಕಾರ 2025ರಲ್ಲಿ ಆದೇಶವನ್ನೂ ಹೊರಡಿಸಿತು. ಒಳ್ಳೆಯದು. ಆದರೆ ನಾವು ಕಂಡ ಕನ್ನಡ ಚೀಟಿಗಳಲ್ಲಿ ಮೊದಲು ಕನ್ನಡಕ್ಕೆ ಬಂದಿರುವುದು ಯಾವುದು ಗೊತ್ತೇ? ಕೆಂಪು ಮಸಿಯಲ್ಲಿ, ದಪ್ಪ ಅಕ್ಷರದಲ್ಲಿ, 'ಹೆವಿ ಡ್ಯೂಟಿ'. 250 ಜಿಎಸ್‌ಎಂ ಎಂಬುದು ಒಳಮಡಿಕೆಯಲ್ಲಿ ಇಂಗ್ಲಿಷಿನಲ್ಲೇ ಇತ್ತು.